ಭಾನುವಾರ ಓಗೊಟ್ಟ ದೇವಮ್ಮ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಅವ್ವ ಅಮಾವಾಸ್ಯೆಗೊಮ್ಮೆ ನನಗೆ ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕಿದಾಗ, “ಚಟ್ನಿಗಾದ್ರೂ ಆಗ್ತಿದ್ವು ಬಿಡವ್ವ” ಎಂದು ರೇಗಿಸುತ್ತಿದ್ದೆ. ಈಗಲೂ ನಾನೇನು ಪೂರ್ತಿ ಬದಲಾಗಿಲ್ಲ. ಆದರೆ ಆರು ವರ್ಷಗಳ ಹಿಂದಿನ ಒಂದು ಭಾನುವಾರದ ಮಧ್ಯಾಹ್ನಕ್ಕೆ ನನ್ನಲ್ಲಿ ಉತ್ತರವಿಲ್ಲ. ನಂಬಿ, ಬಿಡಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಶಹಾಪುರದವಳು. ಕನ್ನಡ ಮಾಧ್ಯಮದಲ್ಲಿ ಓದಿ, ಹಟ ಹಿಡಿದು ಇಂಗ್ಲಿಷಿನಲ್ಲೇ ಬಿ.ಎ., ಬಿ.ಇಡಿ. ಮುಗಿಸಿದ್ದೆ. ಬರೆ ಎಂದರೆ ಪುಟಗಟ್ಟಲೆ ಬರೆಯುತ್ತಿದ್ದೆ. ನಾಲ್ಕು ಜನರೆದುರು ಮಾತಾಡು ಎಂದರೆ ಗಂಟಲು ಕಟ್ಟುತ್ತಿತ್ತು. ಬಿ.ಇಡಿ.ಯ ಪಾಠದ ಪರೀಕ್ಷೆಯಲ್ಲಿ ಹಲಗೆಯ ಮುಂದೆ ಮೂಕಿಯಂತೆ ನಿಂತು ಅತ್ತೇಬಿಟ್ಟಿದ್ದೆ. ಅಂಥವಳಿಗೆ ಸುರಪುರದಾಚೆ, ಬೋನಾಳದ ದಾರಿಯ ಹಳ್ಳಿಯೊಂದರ ಶಾಲೆಯಿಂದ ಅತಿಥಿ ಶಿಕ್ಷಕಿಯ ಕೆಲಸಕ್ಕೆ ಕರೆ ಬಂತು. ಶನಿವಾರ ಹೋಗಿ ಕಂಡೆ. ಹೆಡ್‌ಮಾಸ್ತರರು ಮುಚ್ಚುಮರೆ ಮಾಡುವವರಲ್ಲ.

“ಸೋಮವಾರ ಏಳನೇ ಕ್ಲಾಸಿಗಿ ಒಂದ್ ಪಾಠ ಮಾಡ್ರಿ. ನಾ ಹಿಂದ ಕುಂತು ನೋಡ್ತೀನಿ. ಪಾಠ ಬರೋಬರಿ ಆಗ್ಲಿಲ್ಲಂದ್ರ ಸೈದಾಪುರದಾಕಿ ಒಬ್ಬಾಕಿ ಕಾಯಾಕತ್ತಾಳ. ಮೊದ್ಲ ಹಾಜರಿ ಹೆಸರು ಬಾಯಿಪಾಠ ಮಾಡ್ರಿ. ಒಂದ್ ಹೆಸರು ತಪ್ಪಿದ್ರ ನಮ್ಮ ಹುಡುಗ್ರು ವರ್ಷಪೂರ್ತಿ ನಗ್ತಾವ.”

ಅದಕ್ಕೇ ಭಾನುವಾರ ಮತ್ತೆ ಬಸ್ಸು ಹತ್ತಿದೆ. ಕೀಲಿ ಬಿಸಿಯೂಟದ ಅಡುಗೆ ಮಾಡುವ ಶಾಂತಮ್ಮನ ಹತ್ತಿರವಿತ್ತು. ಆಕೆ ಕೋಣೆ ತೆರೆದು, ಹಾಜರಿ ಪುಸ್ತಕ ಕೈಗಿಟ್ಟು, ಬಾಗಿಲ ಹೊರಗೆ ಅಕ್ಕಿ ಹಸನು ಮಾಡುತ್ತ ಕುಳಿತಳು.

ಖಾಲಿ ಬೆಂಚುಗಳ ಮುಂದೆ ಹೆಸರು ಕೂಗತೊಡಗಿದೆ. ಭೀಮಾಶಂಕರ, ಹುಲಗಪ್ಪ, ಮೌನೇಶ. ಹುಡುಗರದು ಮುಗಿದು ಹುಡುಗಿಯರದು ಶುರುವಾಯಿತು. ಇಪ್ಪತ್ತಮೂರನೆಯದು, ದೇವಮ್ಮ.

“ಎಸ್ ಮಿಸ್.”

ನನ್ನ ಪೆನ್ಸಿಲ್ ಆ ಹೆಸರಿನ ಮುಂದೆ ಗೀಟು ಎಳೆದ ಮೇಲೆಯೇ ನಾನು ತಲೆ ಎತ್ತಿದ್ದು. ಕಡೇ ಬೆಂಚಿನ ಕಿಟಕಿ ಬದಿಯಿಂದ ಬಂದ ದನಿ. ಅಲ್ಲಿ ಯಾರೂ ಇರಲಿಲ್ಲ. ಓಡಿಹೋಗಿ ಕಿಟಕಿಯಲ್ಲಿ ಇಣುಕಿದೆ. ಬಿರಿದ ಕರಿನೆಲ, ಜಾಲಿಗಿಡ, ಬಿಸಿಲು ಬಿಟ್ಟರೆ ಏನೂ ಇಲ್ಲ. ಬೆಂಚಿನ ಕೆಳಗೂ ನೋಡಿದೆ. ಹೊರಗೆ ಹೋಗಿ ಶಾಂತಮ್ಮನಿಗೆ ಹೇಳಿದರೆ, ಪಾಠಕ್ಕೆ ಹೆದರಿ ನೆವ ತೆಗೆದಳು ಎಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಹಾಳಾಗಲಿ ಎಂದು ಪಾಠ ಶುರು ಮಾಡಿದೆ.

ಮಾಸ್ತರರು ಒಂದು ಸಾಲು ಹೇಳುವುದು, ಮಕ್ಕಳು ಅದನ್ನೇ ತಿರುಗಿ ಹೇಳುವುದು ನಮ್ಮ ಕಡೆಯ ಪದ್ಧತಿ. “ದಿ ರಿವರ್ ಈಸ್ ವೈಡ್,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಕಡೇ ಬೆಂಚಿನಿಂದ ಅದೇ ಸಾಲು ತಿರುಗಿ ಬಂತು. ನಿಜ ಹೇಳುತ್ತೇನೆ, ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಆದರೂ ಎರಡನೇ ಸಾಲು ಹೇಳಿದೆ. ಅದೂ ಬಂತು. ಹಾಗೆ ಇಡೀ ಪಾಠ ಮುಗಿಸಿದೆ, ಒಂದು ಸಲವೂ ಗಂಟಲು ಕಟ್ಟಲಿಲ್ಲ.

ಹೊರಗೆ ಬಂದಾಗ ಶಾಂತಮ್ಮ ಮೊರ ಕೆಳಗಿಟ್ಟು ಕೇಳಿದಳು: “ಆ ಪೋರಿ ಯಾವಾಗ ಒಳಗ ಬಂದ್ಲು ಮೇಡಮ್ಮಾರ? ನಾ ಬಾಗಲದಾಗ ಕುಂತೀನಲ್ಲ!”

“ಯಾರೂ ಇಲ್ರಿ,” ಎಂದೆ. ಆಕೆ ಒಳಗೆ ಇಣುಕಿ ನೋಡಿ ಬೀಗ ಹಾಕಿದಳು.

ಸೋಮವಾರ ಹೆಡ್‌ಮಾಸ್ತರರು ಹಿಂದೆ ಕುಳಿತರು. ಹೆಸರು ಕೂಗುತ್ತ ಹೋದೆ. ದೇವಮ್ಮ ಎಂದಾಗ ಯಾರೂ ಓಗೊಡಲಿಲ್ಲ.

“ಗುಳೆ ಹೋಗ್ಯಾಳ್ರಿ ಮಿಸ್, ಅವರವ್ವ ಅಪ್ಪನ ಕೂಡ, ಪುಣೆಕ್ಕ,” ಎಂದಳೊಬ್ಬ ಹುಡುಗಿ. ಕೂಲಿಗೆ ಹೋದವರ ಮಕ್ಕಳ ಹೆಸರನ್ನು ಆ ಶಾಲೆಯಲ್ಲಿ ತೆಗೆಯುತ್ತಿರಲಿಲ್ಲ. ಹಬ್ಬಕ್ಕೆ ಬಂದಾಗ ಕೂಡಲು ಜಾಗವಿರಲಿ ಎಂದು.

ಹೆಡ್‌ಮಾಸ್ತರರು ಎದ್ದು ಬಂದು ಪುಸ್ತಕ ನೋಡಿದರು. “ಏನ್ರಿ ಇದು! ಸೂಟಿ ದಿನ ಹಾಜರಿ ಹಾಕೀರಿ! ಅದೂ ಊರಾಗ ಇಲ್ಲದ ಹುಡುಗಿಗಿ!”

ತರಗತಿ ಗೊಳ್ಳೆಂದಿತು. ಮುಗೀತು, ಕೆಲಸ ಸೈದಾಪುರದವಳಿಗೆ ಹೋಯಿತು ಎಂದುಕೊಂಡೆ. ಅಳು ಬರುವ ಮೊದಲು ಕಡೇ ಬೆಂಚಿನ ಕಿಟಕಿ ಬದಿಗೆ ಮುಖ ಮಾಡಿ, ಅಲ್ಲಿಗೇ ಹೇಳುವಂತೆ ಮೊದಲ ಸಾಲು ಹೇಳಿದೆ. ಇಡೀ ತರಗತಿ ತಿರುಗಿ ಹೇಳಿತು. ಆಮೇಲೆ ನಾನು ನಿಲ್ಲಲಿಲ್ಲ.

“ಛಲೋ ಮಾಡಿದ್ರಿ. ನಾಳೆಯಿಂದ ಬರ್ರಿ. ಆ ಗೀಟೊಂದು ಅಳಸ್ರಿ,” ಎಂದರು ಹೆಡ್‌ಮಾಸ್ತರರು. ಅಳಿಸಿದೆ.

ದೀಪಾವಳಿ ಕಳೆದ ಮೇಲೆ ದೇವಮ್ಮ ಬಂದಳು. ತೆಳ್ಳಗಿನ ಹುಡುಗಿ, ಕೈಯ ಚರ್ಮ ಸಿಮೆಂಟಿಗೆ ಸುಲಿದಿತ್ತು. ಹೆಸರು ಕೂಗಿದೆ. “ಎಸ್ ಮಿಸ್” ಎಂದಳು. ಅದೇ ದನಿ. ಮಕ್ಕಳೆಲ್ಲ ಹೊರಗೆ ಹೋಗುವವರೆಗೆ ಹೇಗೋ ತಡೆದುಕೊಂಡು ಅವಳನ್ನು ಕರೆದೆ.

“ಮೊದ್ಲ ನನ್ನ ಎಲ್ಲಿಯಾದ್ರೂ ನೋಡೀಯೇನವ್ವ?”

“ಹ್ಞೂಂರಿ ಮಿಸ್,” ಎಂದಳು, ಏನೂ ವಿಶೇಷವಿಲ್ಲವೆಂಬಂತೆ. “ಖಾಲಿ ಕ್ಲಾಸಿನಾಗ ಒಬ್ರೇ ನಿಂತು ಭಾಳ ಅಂಜಿದ್ರಿ. ಅದಕ್ಕ ಓ ಅಂದೆ.”

ಇನ್ನೂ ಎರಡು ದಿನ ಅವಳು ಶಾಲೆಗೆ ಬಂದಳು. ಹೆಚ್ಚು ಕೇಳಬಹುದಿತ್ತು. ನನಗೆ ಧೈರ್ಯವಾಗಲಿಲ್ಲ. ಶಾಂತಮ್ಮ ಊರಲ್ಲಿ ಆಡಿದ್ದು ಕಿವಿಗೆ ಬಿದ್ದು ದೇವಮ್ಮ ಹುಡುಗಾಟ ಮಾಡಿದಳು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಶಾಂತಮ್ಮನ ಕಿವಿಗೆ ಬಿದ್ದ ದನಿ ಯಾರದು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ. ಮೂರನೇ ದಿನ ಅವಳ ಹೆಸರು ಕೂಗಿದಾಗ, “ಮುಂಜಾನಿ ಬಸ್ಸಿಗಿ ಪುಣೆಕ್ಕ ಹೋದ್ಲರಿ,” ಎಂದರು ಮಕ್ಕಳು. ಗೈರು ಎಂದು ಬರೆಯಬೇಕಿತ್ತು. ನನ್ನ ಕೈ ಏಳಲಿಲ್ಲ.