‘ತವರಿನ ಉಡುಗೊರೆ’ ಸ್ಟಿಕ್ಕರು

ನಮ್ಮಕ್ಕನಿಗೆ ನಾನು ಹೊಸ ಹೆಲ್ಮೆಟ್ ಕೊಡಿಸಲಿಲ್ಲ. ಕೊಡಿಸಿದೆ ಅಂತ ಸುಳ್ಳು ಹೇಳಿದೆ.

ಆದದ್ದು ಹೀಗೆ. ಹೋದ ವರ್ಷ ಆತಗೂರಿನ ಹತ್ತಿರ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಜಲ್ಲೆಗಳ ಮೇಲೆ ನನ್ನ ಬೈಕು ಜಾರಿತು. ತಲೆ ರಸ್ತೆಗೆ ಬಡಿಯಿತು. ಹೆಲ್ಮೆಟ್ ಇದ್ದದ್ದಕ್ಕೆ ಎದ್ದು ಬಂದೆ. ಮನೆಯಲ್ಲಿ ಅದರ ಒಳಬಟ್ಟೆ ಎಳೆದು ನೋಡಿದರೆ ಬಿಳಿ ಥರ್ಮಾಕೋಲು ಉದ್ದಕ್ಕೆ ಸೀಳಿತ್ತು, ಇನ್ನೊಂದು ಏಟು ತಡೆಯುವಂತಿರಲಿಲ್ಲ. ಮಾರನೆಯ ದಿನವೇ ನನಗೊಂದು ಹೊಸದು ತಂದುಕೊಂಡೆ, ಕೈ ಖಾಲಿಯಾಯಿತು. ಅಷ್ಟರಲ್ಲಿ ಗೌರಿ ಹಬ್ಬ ಬಂತು. ಮಳವಳ್ಳಿಗೆ ಕೊಟ್ಟಿರುವ ಅಕ್ಕನಿಗೆ ಬಾಗಿನ ಹೋಗಲೇಬೇಕು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂದರೆ ನಾನೊಬ್ಬನೇ. ಆಗಷ್ಟೇ ಸ್ಕೂಟರು ಕಲಿತಿದ್ದ ಅವಳು ಹಾಸ್ಟೆಲ್ಲಿನ ಅಡುಗೆ ಕೆಲಸಕ್ಕೆ ನಸುಕಿನಲ್ಲೇ ಹೊರಡುತ್ತಿದ್ದಳು.

ಸೀಳಿದ ಹೆಲ್ಮೆಟ್ಟನ್ನೇ ಶಾಂಪೂ ಹಾಕಿ ತೊಳೆದೆ, ಹೊಸ ಗಾಜು ಹಾಕಿಸಿದೆ. ರಸ್ತೆಗೆ ಉಜ್ಜಿಹೋದ ಜಾಗ ಮುಚ್ಚಲು ಮದ್ದೂರಿನಲ್ಲಿ ಅಗಲವಾದ ಒಂದು ರೇಡಿಯಂ ಸ್ಟಿಕ್ಕರು ಬರೆಸಿ ಅಂಟಿಸಿದೆ: ‘ತವರಿನ ಉಡುಗೊರೆ’. ಬಾಗಿನದ ಮೊರದ ಪಕ್ಕ ಇಟ್ಟು, “ಹೊಸದು ಕಣಕ್ಕ” ಅಂದೆ.

ಅಕ್ಕ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಬೀದಿಗೆಲ್ಲ ತೋರಿಸಿದಳು. ಅಲ್ಲಿಂದ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಮಳವಳ್ಳಿಯಿಂದ ಫೋನು ಬಂದರೆ ಅಕ್ಕ ಬಿದ್ದಳೇನೋ ಅಂದುಕೊಂಡೇ ಎತ್ತುತ್ತಿದ್ದೆ.

ಈ ವರ್ಷ ಹಬ್ಬ ಇನ್ನೂ ದೂರ ಇರುವಾಗಲೇ ಫೋನು ಮಾಡಿದೆ. “ಅಕ್ಕ, ಮಂಡ್ಯಕ್ಕೆ ಬಾ. ಬಾಗಿನಕ್ಕೆ ಹೊಸ ಎಲ್ಮೆಟ್ಟು ತಗಳಣ.”

“ಇರದೇ ಗಟ್ಟಿಯಾಗೈತಲ್ಲಾ! ದುಡ್ಡು ಎಚ್ಚಾಯ್ತಾ ನಿಂಗೆ?”

“ತಲೆ ಅಳತೆ ಬೇಕು. ಸುಮ್ನೆ ಬಾ.”

ಹೊಸದು ಕೊಡಿಸಿ, ಹಳೆಯದನ್ನು ಸದ್ದಿಲ್ಲದೆ ಇಸಿದುಕೊಂಡು ಒಡೆದುಹಾಕುವುದು ನನ್ನ ಲೆಕ್ಕ. ಹೇಳುವ ಯೋಚನೆ ಇರಲಿಲ್ಲ.

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಬಸ್ಸಿಳಿದಳು. ಮದುವೆಗೆ ಹೊರಟವಳ ಹಾಗೆ ತುರುಬಿನ ಸುತ್ತ ಕನಕಾಂಬರ, ಮೊಳಕೈಗೆ ಹಳೆಯ ಹೆಲ್ಮೆಟ್ಟು. ನನ್ನ ಹಿಂದೆ ಕೂರಲು ಬೇಕಲ್ಲ ಅಂತ ತಂದಿದ್ದಳು.

ಅಂಗಡಿಯೊಳಗೆ ಹೋದದ್ದೇ ನಾವಿಬ್ಬರೂ ಮಕ್ಕಳಾದೆವು. ಗೋಡೆ ತುಂಬ ಕೆಂಪು, ನೀಲಿ, ಹುಲಿಪಟ್ಟೆ! ಅಕ್ಕ ಹೂವಿನ ಚಿತ್ರದ ಒಂದು ಹಗುರ ಹೆಲ್ಮೆಟ್ಟಿಗೆ ಕೈ ಹಾಕಿದಳು. ಬೆಲೆಯೂ ಕಡಿಮೆ. ತಿರುಗಿಸಿ ನೋಡಿದೆ, ಐಎಸ್‌ಐ ಗುರುತು ಇಲ್ಲ, ಒಳಗೆ ಬರೀ ತೆಳು ಸ್ಪಂಜು. “ಇದು ಬ್ಯಾಡ. ಇದ್ಕಿಂತ ಸೋರೆಬುರ್‍ಡೆ ವಾಸಿ” ಅಂದೆ. ಅಂಗಡಿಯವನು ನಕ್ಕು, ಗುರುತಿರುವ ಒಂದು ಮೆರೂನ್ ಬಣ್ಣದ್ದು ಇಳಿಸಿದ. ಚಿತ್ರವಿಲ್ಲ, ಆದರೆ ನಮ್ಮ ಕೈಗೆ ಎಟುಕುವಂಥದ್ದು.

ಅಕ್ಕ ಹಾಕಿಕೊಂಡಳು. ಅದು ತುರುಬಿನ ಮೇಲೆ ಕೂತು ಕೋಳಿಯ ಜುಟ್ಟಿನ ಹಾಗೆ ನಿಂತಿತು.

“ಚಿಕ್ಕದಾಯ್ತು. ದೊಡ್ಡದು ಕೊಡಣ್ಣ” ಅಂದಳು ಅಂಗಡಿಯವನಿಗೆ.

“ತಲೆಗೆ ತಗಳಕ್ಕ, ತುರುಬಿಗಲ್ಲ” ಅಂದೆ.

“ಲೇ, ಮುತ್ತೈದೆ ಕಣ್ಲಾ ನಾನು. ಹೂ ತಗೀಬೇಕಾ?” ಅಂತ ಬೈಯುತ್ತಲೇ ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಬಿಚ್ಚಿದ ಕನಕಾಂಬರವನ್ನು ಹಳೆಯ ಹೆಲ್ಮೆಟ್ಟಿನೊಳಗೆ, ಹೂಬುಟ್ಟಿಯಲ್ಲಿ ಇಡುವಂತೆ ಇಟ್ಟಳು. ಆ ಸೀಳಿನ ಮೇಲೆಯೇ.

ಈಗ ಮೆರೂನು ಸರಿಯಾಗಿ ಇಳಿಯಿತು. ಕೆನ್ನೆ ಒತ್ತಿ ತುಟಿ ಮೀನಿನ ಹಾಗಾಯಿತು. ಬಿಗಿ ಅಂತ ಗೊಣಗಿದಳು. ಹೊಸದು ಬಿಗಿಯಾಗೇ ಇರಬೇಕು, ಸ್ಪಂಜು ಕೂರುತ್ತದೆ ಅಂದೆ. ಕೊಂಡಿ ಹಾಕಿ ಹಿಂದಿನಿಂದ ಎತ್ತಿ ನೋಡಿದೆ, ಕಳಚಲಿಲ್ಲ. ನಸುಕಿನ ಓಡಾಟಕ್ಕೆ ಕಪ್ಪು ಗಾಜು ಬೇಡವೆಂದು ಬಿಳಿ ಗಾಜನ್ನೇ ಹಾಕಿಸಿದೆ. ಅಕ್ಕ ಹಾಗೇ ನಿಂತು ಬೆಲೆಗೆ ಜಗ್ಗಾಡಿದಳು. ಒಳಗಿನಿಂದ ಬರುವ ಅವಳ ದನಿ ಬಾವಿಯಿಂದ ಬಂದಂತೆ ಕೇಳಿ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಬೆಲೆ ಇಳಿಸಿದ.

ಮಳವಳ್ಳಿಗೆ ನೇರ ಹೋಗದೆ ಮದ್ದೂರಿನ ಮೇಲೆ ಬಳಸಿ ಹೊರಟೆವು. ಹೊಸ ಹೆಲ್ಮೆಟ್ಟಿನಲ್ಲಿ ಇನ್ನಷ್ಟು ದೂರ ಕೂರುವ ಆಸೆ ಅವಳಿಗೆ.

“ಗಾಳಿ ಸದ್ದೇ ಇಲ್ಲ ಕಣ್ಲಾ! ನನ್ ಮಾತು ನಂಗೇ ಕೇಳ್ತದೆ!”

“ಊರಿಗೆಲ್ಲ ಕೇಳ್ತೈತೆ, ಮೆತ್ಗೆ ಮಾತಾಡು!”

ನಾನೂ ಕಿರುಚಿಯೇ ಹೇಳಿದೆ. ಅಷ್ಟು ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಮದ್ದೂರಿನಲ್ಲಿ ಟೀ ಕುಡಿಯಲು ನಿಂತೆವು. ಅಕ್ಕ ಹಳೆಯದರಿಂದ ಹೂ ತೆಗೆದು ಮುಡಿದುಕೊಂಡು ಸ್ಟಿಕ್ಕರಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು. ನಾನು, “ಅದ ನಂಗೆ ಕೊಟ್ಬುಡಕ್ಕ” ಅಂತ ಕೈ ನೀಡಿದೆ.

“ಓಗ್ಲಾ. ತವರಿಂದು ಯಾರಾದ್ರೂ ವಾಪಸ್ ಕೊಟ್ಟಾರಾ? ನಿಮ್ ಬಾವಂಗೆ ಆಯ್ತದೆ. ಬರೀ ತಲೇಲಿ ಓಡಾಡ್ತದೆ ಆ ಪ್ರಾಣಿ. ನಾಳಿಂದ ಇದ್ನೇ ಆಕಸ್ತೀನಿ.”

ಟೀ ಲೋಟ ಕೆಳಗಿಟ್ಟೆ. ಅಕ್ಕನ ತಲೆಯಿಂದ ಇಳಿದ ಸೀಳು ಭಾವನ ತಲೆ ಏರುತ್ತಿತ್ತು. ಅವಳ ಕೈಯಿಂದ ಕಿತ್ತುಕೊಂಡು ಸ್ಟಿಕ್ಕರಿಗೆ ಉಗುರು ಹಾಕಿದೆ.

“ಲೋ ಲೋ! ತವರು ಕಿತ್ತಾಕ್ತೀಯಲ್ಲೋ!”

‘ತವರಿನ’ ಅನ್ನುವುದು ಸುರುಳಿ ಸುತ್ತಿಕೊಂಡು ಬಂತು. ಕೆಳಗೆ ಆತಗೂರು ರಸ್ತೆಯ ಗಾಯ, ಕೈಯಗಲ. ಒಳಬಟ್ಟೆ ಎಳೆದು ಸೀಳನ್ನೂ ತೋರಿಸಿದೆ. ಒಳಬಟ್ಟೆಯ ಅಂಚಿನಿಂದ ಜಾರಿದ ಕನಕಾಂಬರದ ಒಂದು ಎಸಳು ಆ ಸೀಳಿನಲ್ಲಿ ಸಿಕ್ಕಿಕೊಂಡಿತ್ತು.

“ಇದೇನ್ಲಾ?”

“ನಾನು ಬಿದ್ದಿದ್ದೆ ಅಕ್ಕ. ಕೊಡಕ್ ಮುಂಚೆ.”

ಅವಳು ಸೀಳನ್ನು ಮತ್ತೆ ನೋಡಲಿಲ್ಲ. ನನ್ನ ಕೂದಲಿಗೆ ಬೆರಳು ಹಾಕಿ ತಡಕಾಡಿದಳು. “ಎಲ್ಲಿ ಬಡೀತು? ಯಾಕ್ಲಾ ನಂಗೆ ಯೇಳ್ನಿಲ್ಲ?”

ಬೈದಿದ್ದರೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದೆ. ಆ ಬೆರಳುಗಳ ಕೆಳಗೆ ನಿಲ್ಲಲಾಗಲಿಲ್ಲ. ಟೀ ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿಬಿಟ್ಟೆ:

“ಒಡ್ದೈತೆ ಅಂತ ಗೊತ್ತಿದ್ದೂ ನಿನ್ ತಲೆಗೆ ಆಕ್ದೆ. ತಪ್ಪಾಯ್ತು ಕಣಕ್ಕ. ನಂದು ತಪ್ಪಾಯ್ತು.”