ಕಾಲು ಎಲ್ಲಿಟ್ಟವ್ನೆ ನೋಡು

ಕಳೆದ ವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಂದ ನೋಟ್‌ಬುಕ್ ಕಿತ್ತುಕೊಂಡೆ. ನಾನು ಆಲೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಚಿತ್ರ ಬರೆದಳೆಂದು ಶಿಕ್ಷೆ ಕೊಟ್ಟವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಾನು ಹೇಳಿದ್ದು ಹೂದಾನಿ, ಅವಳು ಬರೆದದ್ದು ಹನ್ನೊಂದು ಪುಟದ ಹೊಡೆದಾಟ. ಸ್ಟಾಫ್ ರೂಮಿನಲ್ಲಿ ಕುಳಿತು ಪುಸ್ತಕ ತೆರೆದರೆ ರಬ್ಬರಿನ ಪುಡಿ ಮಡಿಲಿಗೆ ಉದುರಿತು. ಉಜ್ಜಿ ಉಜ್ಜಿ ಸವೆದ ಕಾಗದದ ವಾಸನೆ ಮೂಗಿಗೆ ಬಂತು. ಜಪಾನಿನ ಮಾಂಗಾ ಚಿತ್ರಕತೆ ಪುಸ್ತಕಗಳ ಹಾಗೆ ಪುಟವನ್ನು ಚೌಕ ಚೌಕ ಮಾಡಿಕೊಂಡಿದ್ದಳು. ಎದುರುಬದುರು ಇಬ್ಬರು ಹುಡುಗಿಯರು, ಗಾಳಿಗೆದ್ದ ಜಡೆ, ಬಿಗಿದ ಮುಷ್ಟಿ, ಎಲ್ಲ ಸೊಗಸಾಗಿತ್ತು. ಆದರೆ ಹನ್ನೊಂದು ಪುಟದಲ್ಲಿ ಎಲ್ಲೂ ಒಂದು ಪಾದವಿರಲಿಲ್ಲ. ಮೊಣಕಾಲಿನ ಕೆಳಗೆ ಬರೀ ದೂಳು ಎಬ್ಬಿಸಿಬಿಟ್ಟಿದ್ದಳು.

ನನಗೆ ನಗು ಬಂತು. ಪಾದ ಬರೆಯುವುದು ಕಷ್ಟ. ನಾನೂ ಮೊದಮೊದಲು ಹುಲ್ಲು, ಹೊಗೆ, ನೀರು, ಸಿಕ್ಕಿದ್ದರ ಮರೆಯಲ್ಲೆಲ್ಲ ಪಾದ ಬಚ್ಚಿಟ್ಟವಳೇ. ಆದರೆ ನಗು ಮುಗಿಯುವ ಮೊದಲೇ ಅಪ್ಪನ ದನಿ ಕಿವಿಯಲ್ಲಿ ಕೇಳಿತು: "ಕಾಲು ಎಲ್ಲಿಟ್ಟವ್ನೆ ನೋಡು ಮಗಾ, ಕಾಲು." ಅದರ ಹಿಂದೆಯೇ, ಹದಿನಾಲ್ಕು ವರ್ಷದಿಂದ ಅಪ್ಪನಿಗೆ ಹೇಳದೆ ಇಟ್ಟುಕೊಂಡಿದ್ದ ಮಾತೊಂದು ಎದ್ದು ಕುಳಿತಿತು. ಅದನ್ನು ನಿಮಗೂ ಹೇಳುತ್ತೇನೆ. ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಅಪ್ಪ ಬಿಸಿಲೆ ರಸ್ತೆಯ ಎಸ್ಟೇಟೊಂದರಲ್ಲಿ ಮರಗಸಿ ಮಾಡುತ್ತಿದ್ದ. ಮಳೆ ಹಿಡಿಯುವ ಮುಂಚೆ ನೆರಳಿನ ಮರ ಹತ್ತಿ, ಕೊಂಬೆ ಕಡಿದು, ಕೆಳಗಿನ ಕಾಫಿ ಗಿಡಗಳಿಗೆ ಬೆಳಕು ಬಿಡುವ ಕೆಲಸ ಅದು. ನೋಡುವವರಿಗೆ ಬೇಜಾರು ಬರುವಷ್ಟು ಹೊತ್ತು ಅಪ್ಪ ಮರದ ಮೇಲೆ ಸುಮ್ಮನೆ ನಿಂತಿರುತ್ತಿದ್ದ. ಎಡಗಾಲನ್ನು ಕವಲಿನಲ್ಲಿ ಕೂರಿಸುವುದು, ಬಲಗಾಲಿನಿಂದ ಮುಂದಿನ ಕೊಂಬೆಯನ್ನು ಎರಡು ಸಲ ಒತ್ತಿ ನೋಡುವುದು, ಕೆಳಗೆ ಗಿಡ ಮುರಿಯದಂತೆ ಕೊಂಬೆ ಬೀಳಬೇಕಾದ ಸಂದು ಹುಡುಕುವುದು. ಇಷ್ಟೆಲ್ಲ ಆದಮೇಲೆ ಕತ್ತಿಯಿಂದ ಎರಡೇ ಏಟು. ಕೊಂಬೆ ಹೇಳಿದ ಜಾಗಕ್ಕೆ ಹೋಗಿ ಬೀಳುತ್ತಿತ್ತು.

ಮರಗಸಿಯವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮರದ ಮೇಲಿರುವವನನ್ನು ಕೆಳಗಿನಿಂದ ಕೂಗಿ ಕರೆಯುವ ಹಾಗಿಲ್ಲ. ಲೆಕ್ಕ ಬರೆಯುವ ರೈಟರೇ ಬರಲಿ, ಸಾಹುಕಾರರೇ ಬರಲಿ, ಅವನ ಕಣ್ಣಿಗೆ ಬೀಳುವಂತೆ ದೂರದಲ್ಲಿ ನಿಂತು ಕಾಯಬೇಕು. ಅವನೇ ನೋಡಿ "ಏನು?" ಅಂದಮೇಲೆ ಮಾತು. ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ಬೆಳೆದ ನಮಗೆಲ್ಲ ಇದು ನಡೆಯಲು ಕಲಿತಾಗಿನಿಂದ ಗೊತ್ತು.

ಈಗ ಟಿ.ವಿ. ವಿಷಯಕ್ಕೆ ಬರೋಣ. ನನಗೆ ಹನ್ನೊಂದು ವರ್ಷವಾದಾಗ ನಮ್ಮ ಲೈನ್ ಮನೆಗೆ ಡಿಶ್ ಬಂತು. ಮಕ್ಕಳ ಚಾನೆಲ್ಲೊಂದರಲ್ಲಿ ಜಪಾನಿನ ಅನಿಮೆ ಕಾರ್ಟೂನು ಬರುತ್ತಿತ್ತು, ಹಿಂದಿಯಲ್ಲಿ. ನಮ್ಮ ಮನೆಯಲ್ಲಿ ಹಿಂದಿ ಯಾರಿಗೂ ಬಾರದು. ಅಪ್ಪ ಕೆಲಸ ಮುಗಿಸಿ ಬಂದು, ಕಾಲು ತೊಳೆದು, ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂರುತ್ತಿದ್ದ. ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಎನ್ನುವುದನ್ನು ನಾವೇ ಕಟ್ಟಿಕೊಳ್ಳಬೇಕು. ಬಿಳಿ ಕೂದಲಿನವನು ಅಣ್ಣ, ಕಪ್ಪು ಕೂದಲಿನವನು ತಮ್ಮ, ತಾಯಿಯನ್ನು ನೋಡಿಕೊಳ್ಳದಿದ್ದುದಕ್ಕೆ ಜಗಳ ಎಂದು ಅಪ್ಪ ತೀರ್ಮಾನ ಮಾಡಿದ್ದ. ಆಮೇಲೆ ವಿಚಾರಿಸಿದರೆ ಅವರಿಬ್ಬರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಆದರೂ ನಮ್ಮ ಕತೆಯಲ್ಲೇ ಹೆಚ್ಚು ಅರ್ಥವಿತ್ತೆಂದು ನನ್ನ ಈಗಿನ ಅಭಿಪ್ರಾಯ.

ಅವ್ವನಿಗೆ ಈ ಹೊಡೆದಾಟಗಳನ್ನು ಕಂಡರೆ ಆಗುತ್ತಿರಲಿಲ್ಲ. "ಹೊಡಿಯೋದು ಬುಟ್ಟು ನಿಂತ್ಕಂಡು ಭಾಷಣ ಮಾಡ್ತವ್ನೆ. ಅಷ್ಟೊತ್ತಿಗೆ ಎರಡು ಮುದ್ದೆ ಕಟ್ಟಬೋದಿತ್ತು" ಎನ್ನುತ್ತಿದ್ದಳು.

"ಅದೇ ಕಣೇ ಇರೋದು. ಅವ್ನು ಜಾಗ ನೋಡ್ತವ್ನೆ" ಎಂದು ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ.

ಅಪ್ಪನಿಗೆ ಏಟಿಗಿಂತ ಏಟಿನ ಮುಂಚಿನದ್ದೇ ಇಷ್ಟ. ಬರೀ ಬೆಳಕು ಮಿಂಚಿ, ಗುಡ್ಡ ಒಡೆದು, ಯಾರು ಎಲ್ಲಿ ನಿಂತಿದ್ದಾರೆಂದೇ ಕಾಣದಿದ್ದರೆ ಅವನಿಗೆ ರೇಗುತ್ತಿತ್ತು. ಹಿಂದಿನ ದಿನ ಕೈ ಮುರಿದುಕೊಂಡವನು ಇವತ್ತು ಪಟ್ಟಿಯಿಲ್ಲದೆ ಬಂದರೆ ಚಾನೆಲ್ಲಿಗೇ ಬೈಯುತ್ತಿದ್ದ. ಕತ್ತಿ ಹಿಡಿದವನೊಬ್ಬ ಬಂಡೆಯ ಮೇಲಿನಿಂದ ಕತ್ತಿಯ ಸಮೇತ ಬಿದ್ದಾಗಲಂತೂ ಲೋಟ ಕೆಳಗಿಟ್ಟು ಹೇಳಿದ: "ಬೀಳೋದು ಗೊತ್ತಾದ್ರೆ ಮೊದ್ಲು ಕತ್ತಿ ದೂರಕ್ಕೆ ಬಿಸಾಕ್ಬೇಕು ಕಣೋ. ಇವ್ನಿಗೆ ಯಾರೂ ಹೇಳ್ಕೊಟ್ಟಿಲ್ವಲ್ಲ ಮಾರಾಯ." ಜಪಾನಿನವನಿಗೆ ಅದು ಕೇಳಿಸಲಿಲ್ಲ.

ಆ ಬೇಸಿಗೆಯಲ್ಲಿ, ನಾವು ವಾರಗಟ್ಟಲೆ ಕಾದಿದ್ದ ಹೊಡೆದಾಟ ಒಂದು ಶನಿವಾರ ಮಧ್ಯಾಹ್ನ ಬರುವುದಿತ್ತು. ಬಿಳಿ ಕೂದಲಿನವನೂ ಕಪ್ಪು ಕೂದಲಿನವನೂ ಕೊನೆಗೂ ಎದುರಾಗುವುದು. "ಶುರುವಾಗೋಕೆ ಮುಂಚೆ ಬಂದು ಹೇಳು, ಊಟಕ್ಕೆ ಆಗ್ಲೇ ಇಳಿತೀನಿ" ಎಂದು ಅಪ್ಪ ಬೆಳಿಗ್ಗೆ ಹೇಳಿ ಹೋಗಿದ್ದ. ನಾನು ಲೈನಿನಿಂದ ಓಡುತ್ತಲೇ ಹೋದೆ. ಮರ ಕಾಣಿಸಿತು, ಎಲೆಗಳ ನಡುವೆ ಅಪ್ಪನ ಖಾಕಿ ಚಡ್ಡಿ ಕಾಣಿಸಿತು. ಕಾಫಿ ಗಿಡಗಳ ಒಳಗೆ ಏನೋ ಠಪ್ಪೆಂದು ಬಿತ್ತು. ಕೊಂಬೆ ಬಿತ್ತು, ಇನ್ನು ಕರೆಯಬಹುದು ಅಂದುಕೊಂಡೆನೋ, ಅಥವಾ ಏನನ್ನೂ ಅಂದುಕೊಳ್ಳಲಿಲ್ಲವೋ, "ಅಪ್ಪಾ, ಶುರುವಾಯ್ತು" ಎಂದು ಗಂಟಲು ಬಿಟ್ಟು ಕೂಗಿದೆ.

ಅಪ್ಪ ಬಿದ್ದ.

ನಾನು ಓಡಿಹೋಗಿ ಜನ ಕರೆದುಕೊಂಡು ಬಂದೆ. ಹಾಸನದ ಆಸ್ಪತ್ರೆ, ಸೊಂಟಕ್ಕೆ ಆಪರೇಷನ್, ಆರು ತಿಂಗಳು ಮಂಚ. ಮರ ಹತ್ತುವುದು ಅಲ್ಲಿಗೆ ಮುಗಿಯಿತು. ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಅವ್ವ ಕೇಳಿದಾಗ "ನೋಡೋಕೆ ಹೋಗಿದ್ದೆ" ಅಂದೆ. ಕೂಗಿದ್ದನ್ನು ಹೇಳಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ಕೇಳದಿದ್ದದ್ದರಿಂದ ಅವನಿಗೆ ನೆನಪಿಲ್ಲವೆಂದು ಒಂದು ದಿನ, ನೆನಪಿದ್ದೂ ನನ್ನ ಮೇಲಿನ ಕರುಣೆಗೆ ಸುಮ್ಮನಿದ್ದಾನೆಂದು ಇನ್ನೊಂದು ದಿನ ಅನಿಸುತ್ತಿತ್ತು. ಎರಡನೆಯ ಬಗೆಯ ದಿನಗಳಲ್ಲಿ ತಟ್ಟೆ ಹಿಡಿದು ಹೊರಗೆ ಹೋಗಿ ಉಣ್ಣುತ್ತಿದ್ದೆ.

ಅಪ್ಪ ಮಂಚದಲ್ಲಿದ್ದಾಗ ನಮ್ಮ ಮನೆಗೆ ಮೊದಲ ಮಾಂಗಾ ಬಂತು. ನನ್ನ ಕ್ಲಾಸಿನ ನಸೀಮಾಳ ತಂದೆಗೆ ಸಕಲೇಶಪುರದಲ್ಲಿ ಗುಜರಿ ಅಂಗಡಿ. ಯಾವುದೋ ಹೋಂಸ್ಟೇಯಿಂದ ಬಂದ ಹಳೇ ಪೇಪರಿನ ಕಟ್ಟಿನಲ್ಲಿ ಅದು ಸಿಕ್ಕಿತ್ತು. "ನಿಮ್ಮಪ್ಪಂಗೆ ಕೊಡು, ಪೂರ್ತಿ ಫೈಟಿಂಗೇ ಐತೆ" ಎಂದು ನಸೀಮಾ ಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ 'ನಿಲ್ಲಿ' ಎಂದು ಬರೆದು ಕೆಳಗೆ ಏನೇನೋ ವಿವರಣೆಯಿತ್ತು. ಹೆದ್ದಾರಿಯಲ್ಲಿ ದೋಣಿಗಲ್ಲಿನ ತಿರುವಿನಲ್ಲಿ ಅಂಥ ಬೋರ್ಡು ದಿನಾ ನೋಡುವವರು ನಾವು. ಅಲ್ಲಿ ಯಾವ ಲಾರಿಯೂ ನಿಂತದ್ದು ಕಾಣೆವು. ನಾವೂ ನಿಲ್ಲದೆ ಪುಟ ಮಗುಚಿದೆವು.

ಜಪಾನಿನವರ ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ, ನಿಲ್ಲಿ ಎಂದವರು ಹೇಳಲು ಹೊರಟಿದ್ದೇ ಅದನ್ನು. ನಾವು ಕೊನೆಯಿಂದ ಓದಿದೆವು. ಹಾಗಾಗಿ ನಮ್ಮ ಕತೆಯಲ್ಲಿ ಮೊದಲ ಚಿತ್ರದಲ್ಲೇ ಒಬ್ಬ ರಕ್ತದ ಮಡುವಿನಲ್ಲಿ ಬಿದ್ದಿದ್ದ. ಪುಟ ಮಗುಚಿದಂತೆ ಅವನು ನೆಲದಿಂದ ಮೇಲೆದ್ದ. ಎದುರಾಳಿಯ ಮುಷ್ಟಿ ಅವನ ಮುಖದಿಂದ ದೂರ ಸರಿಯಿತು. ಗಾಯಗಳು ಒಂದೊಂದಾಗಿ ಮಾಯವಾದವು. ಕೊನೆಯಲ್ಲಿ ಇಬ್ಬರೂ ಒಂದು ಸೇತುವೆಯ ಮೇಲೆ ಕುಳಿತು ಏನೋ ತಿನ್ನುತ್ತಿದ್ದರು. ಅಪ್ಪನಿಗೆ ಬಹಳ ಹಿಡಿಸಿತು. "ಫೈಟು ಅಂದ್ರೆ ಹಿಂಗಿರ್ಬೇಕು. ಬಿದ್ದೋನು ಎದ್ದ, ಇಬ್ರೂ ರಾಜಿಯಾದ್ರು" ಎಂದ. ದಿಂಬಿಗೆ ಒರಗಿಕೊಂಡು ಅದನ್ನೇ ಮತ್ತೆ ಮತ್ತೆ ಓದಿಸಿದ.

ಒಂದು ತಿಂಗಳ ಮೇಲೆ ನಸೀಮಾ ಅಪ್ಪನನ್ನು ನೋಡಲು ಬಂದಾಗ ಗುಟ್ಟು ರಟ್ಟಾಯಿತು. ಪುಟದ ನಂಬರು ತೋರಿಸಿ ಬಿದ್ದು ಬಿದ್ದು ನಕ್ಕಳು. "ಹಿಂದಿಂದ ಓದ್ತಿದ್ದೀರಲ್ಲ ಅಂಕಲ್." ಸರಿಯಾದ ದಿಕ್ಕಿನಿಂದ ಓದಿದಾಗ ಅಪ್ಪ ಹಿಂದಿನ ಪುಟಗಳಿಗೆ ಮರಳಿದ. ಒಂದು ಚಿಕ್ಕ ಚೌಕದ ಮೇಲೆ ಬೆರಳಿಟ್ಟ. ಏಟು ಬೀಳಲು ಇನ್ನೂ ಎರಡು ಪುಟ ಇತ್ತು. ಸೋಲುವವನ ಹಿಮ್ಮಡಿ ಸೇತುವೆಯ ಹಲಗೆಯ ಅಂಚಿನಿಂದ ಆಚೆಗೆ ಬಂದಿತ್ತು, ಅಷ್ಟೇ. "ಕಾಲು ಎಲ್ಲಿಟ್ಟವ್ನೆ ನೋಡು ಮಗಾ, ಕಾಲು. ಇಲ್ಲೇ ಸೋತ್ಬುಟ್ಟ. ಮುಂದಿಂದೆಲ್ಲ ಬರೀ ಸದ್ದು."

ಆ ಚೌಕವನ್ನು ನಾನು ನೂರು ಸಲ ಕಾಪಿ ಮಾಡಿರಬಹುದು. ಚಿತ್ರ ಕಲಿತದ್ದು ಅಲ್ಲಿಂದಲೇ. ಹೊಡೆದಾಟ ನೋಡುವಾಗ ಎದೆ ಬಿಗಿಹಿಡಿಯುವುದು ಮುಷ್ಟಿಯಿಂದಲ್ಲ. ಬೀಳುವವನಿಗೆ ಗೊತ್ತಾಗುವ ಮೊದಲೇ ನಮಗೆ ಗೊತ್ತಾಗಿ, ಕೂಗಿ ಹೇಳಲಾರದೆ ಕೂತಿರುತ್ತೇವಲ್ಲ, ಅದರಿಂದ. ಮಕ್ಕಳಿಗೆ ಇದನ್ನು ಹೇಳಿಕೊಡುವಷ್ಟು ಬುದ್ಧಿ ನನಗೆ ಬಂತು. ಆದರೆ ನಾನು ಮಾತ್ರ ಒಂದು ಹೊಡೆದಾಟವನ್ನೂ ಕೊನೆಮುಟ್ಟಿಸಿದವಳಲ್ಲ. ಯಾರಾದರೂ ಬೀಳಬೇಕಾದ ಪುಟ ಬಂದಾಗ ಕೈ ನಿಂತುಬಿಡುತ್ತಿತ್ತು.

ಆ ಹುಡುಗಿಯ ನೋಟ್‌ಬುಕ್ ನೋಡಿದ ದಿನ ಸಂಜೆ ಮನೆಗೆ ಬಂದು ನಾಲ್ಕು ಹಾಳೆ ತೆಗೆದುಕೊಂಡೆ. ಒಂದರಲ್ಲಿ ಮರದ ಮೇಲೆ ನಿಂತ ಅಪ್ಪ. ಎರಡರಲ್ಲಿ ಕೆಳಗೆ ಬಾಯಿ ತೆರೆದು ಕೂಗುವ ಹುಡುಗಿ. ಮೂರರಲ್ಲಿ ಕೊಂಬೆಯಿಂದ ಜಾರುವ ಪಾದ. ನಾಲ್ಕರಲ್ಲಿ ನೆಲ, ಅಪ್ಪ, ಅಷ್ಟು ದೂರದಲ್ಲಿ ಗಿಡಗಳ ಬುಡದಲ್ಲಿ ಬಿದ್ದ ಕತ್ತಿ. ಅಪ್ಪ ಈಗ ಎಸ್ಟೇಟಿನ ನರ್ಸರಿಯಲ್ಲಿ ಗಿಡದ ಚೀಲಗಳಿಗೆ ಮಣ್ಣು ತುಂಬುವ ಕೆಲಸ ನೋಡಿಕೊಳ್ಳುತ್ತಾನೆ. ಭಾನುವಾರ ಅವನು ಜಗಲಿಯಲ್ಲಿ ಕುಳಿತಿದ್ದಾಗ ಹಾಳೆಗಳನ್ನು ಮುಂದೆ ಸಾಲಾಗಿ ಇಟ್ಟೆ. ಬಾಯಲ್ಲಿ ಹೇಳಲು ಧೈರ್ಯವಿರಲಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಕೂಗುವ ಹುಡುಗಿಯಿದ್ದ ಹಾಳೆಯ ಮೇಲೆ ಕಣ್ಣು ನಿಲ್ಲಿಸಿದ. ಆಮೇಲೆ ನಾಲ್ಕನೆಯದರಲ್ಲಿ ಕತ್ತಿಯ ಮೇಲೆ ಬೆರಳಿಟ್ಟ.

"ಇದನ್ಯಾಕೆ ಇಷ್ಟು ದೂರ ಬರ್ದೆ?"

"ಅಲ್ಲೇ ಬಿದ್ದಿತ್ತಪ್ಪ. ನಾನು ನೋಡಿದ್ದೆ."

"ಜಾರಿದೋನ ಕೈಯಿಂದ ಕತ್ತಿ ಮರದ ಬುಡಕ್ಕೆ ಬೀಳ್ತದೆ. ಅಷ್ಟು ದೂರ ತಾನಾಗೆ ಹೋಗಲ್ಲ. ಅದು ನಾನು ಬಿಸಾಕಿದ್ದು." ಅಪ್ಪ ಮೂರನೆಯ ಹಾಳೆ ಎತ್ತಿ ಎರಡನೆಯದರ ಮುಂಚೆ ಇಟ್ಟ. "ಉಲ್ಟಾ ಜೋಡಿಸ್ಬುಟ್ಟಿದ್ದೀಯ. ಆ ಕೊಂಬೆ ಒಳಗೆ ಟೊಳ್ಳಾಗಿತ್ತು. ಒತ್ತಿ ನೋಡ್ದೆ ಕಾಲಿಟ್ಟೆ, ಫೈಟು ನೋಡೋ ಆತುರ. ಕಾಲು ಇಳೀತು, ಕತ್ತಿ ಎಸ್ದೆ. ಆಮೇಲೆ, ಕೈನೂ ಜಾರೋ ಹೊತ್ಗೆ, ನೀನು ಕೂಗ್ದೆ."

ಆ ಠಪ್ಪೆಂಬ ಸದ್ದು ನನಗೆ ಆಗ ನೆನಪಾಯಿತು. ನಾನು ಕೂಗುವ ಮೊದಲೇ ಗಿಡಗಳ ಒಳಗೆ ಬಿದ್ದದ್ದು. ಹದಿನಾಲ್ಕು ವರ್ಷ ನಾನು ಅದನ್ನು ಕೊಂಬೆ ಅಂದುಕೊಂಡಿದ್ದೆ. ಅವತ್ತು ಅಪ್ಪನ ಸುತ್ತ ಕಡಿದ ಒಂದು ಕೊಂಬೆಯೂ ಬಿದ್ದಿರಲಿಲ್ಲ. ಅದನ್ನೂ ನೋಡಿದ್ದೆ, ನೋಡಿಯೂ ಯೋಚಿಸಿರಲಿಲ್ಲ. ಕಾಲು ನೋಡಲು ಊರಿಗೆಲ್ಲ ಹೇಳಿಕೊಡುವವಳು ನಾನು.

"ನಿಂಗೆ ನಾನು ಕೂಗಿದ್ದು ಕೇಳಿಸಿತ್ತಾ?" ಎಂದು ಕೇಳಿದೆ.

"ಕೇಳ್ದೆ ಇರ್ತದಾ? ಸದ್ಯ, ಕೆಳಗೆ ನನ್ ಮಗಳವಳೆ ಅಂದ್ಕಂಡೆ. ಅಂದ್ಕಂಡೇ ಬಿದ್ದೆ."

ನಾನು ಅತ್ತೆ. ಡ್ರಾಯಿಂಗ್ ಟೀಚರ್ ಜಗಲಿಯಲ್ಲಿ ಕುಳಿತು ಮೂಗು ಸೊರಸೊರ ಎಳೆಯುತ್ತಾ ಅಳುವುದನ್ನು ಪಕ್ಕದ ಮನೆಯವರು ನೋಡಿದರು. ನೋಡಲಿ ಬಿಡಿ. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಹಾಳೆಗಳನ್ನು ಮತ್ತೊಂದು ಸಲ ನೋಡಿ, "ಮುಂದಿನ ಚಿತ್ರ ಎಲ್ಲಿ?" ಎಂದ.

"ಇಷ್ಟೇ ಅಪ್ಪ."

"ಇಷ್ಟೇ ಹೆಂಗಾಯ್ತದೆ? ನೀನು ಓಡಿಹೋಗಿ ಜನ ಕರ್ಕಂಡು ಬಂದಿದ್ದು? ಅದನ್ನೇ ಬರ್ದಿಲ್ವಲ್ಲ."

ಸೋಮವಾರ ಆ ಹುಡುಗಿಗೆ ನೋಟ್‌ಬುಕ್ ವಾಪಸ್ ಕೊಟ್ಟೆ. ಹೂದಾನಿ ಬೇಡ, ಇದನ್ನೇ ಮುಗಿಸು, ಆದರೆ ದೂಳು ಅಳಿಸಿ ಪಾದ ಬರಿ ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಟೀಚರ್, ಪಾದ ಬರೆಯೋಕೆ ನಂಗೆ ಬರಲ್ಲ" ಅಂದಳು. ನನಗೂ ಸರಿಯಾಗಿ ಬರುವುದಿಲ್ಲವೆಂದು ಹೇಳಿ ಅವಳ ಪಕ್ಕದ ಬೆಂಚಿನಲ್ಲೇ ಕುಳಿತು ಐದನೆಯ ಹಾಳೆ ತೆಗೆದೆ. ಕಾಫಿ ಗಿಡಗಳ ಸಂದಿಯಲ್ಲಿ ಲೈನಿನ ಕಡೆಗೆ ಓಡುತ್ತಿರುವ ಹನ್ನೊಂದು ವರ್ಷದ ಹುಡುಗಿ. ಅವಳ ಪಾದಗಳನ್ನೇ ಮೊದಲು ಬರೆದೆ.