ಎಕ್ಸ್‌ಚೇಂಜ್ ಅಮ್ಮ ಮತ್ತು ಪಿಕಳಾರದ ಗೂಡು

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರನ್ನೆಲ್ಲ ಒಬ್ಬರೊಂದಿಗೊಬ್ಬರು ಮಾತಾಡಿಸಿದವರು ಅವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಬೀದಿಯವರ ಬಾಯಲ್ಲಿ ಇನ್ನೂ ‘ಎಕ್ಸ್‌ಚೇಂಜ್ ಅಮ್ಮ’ನೇ. ಮನೆಯಲ್ಲಿ ಒಂದು ಗಳಿಗೆ ಕೂತಲ್ಲಿ ಕೂತವರಲ್ಲ. ಅಂಥವರು ಅಟ್ಟದ ಧೂಳು ಹೊಡೆಯಲು ಸ್ಟೂಲ್ ಹತ್ತಿ ಜಾರಿಬಿದ್ದು ಕಾಲು ಮುರಿದುಕೊಂಡರು. ಆರು ವಾರ ಹೆಜ್ಜೆ ಊರಕೂಡದೆಂದು ಡಾಕ್ಟರ ಅಪ್ಪಣೆ. ಯಜಮಾನರು ಮಂಚವನ್ನು ಹಿತ್ತಲ ಕಿಟಕಿಯ ಪಕ್ಕಕ್ಕೆ ಎಳೆದುಹಾಕಿದರು.

ಮೊದಲ ವಾರ ಮನೆಯವರ ತಲೆ ತಿನ್ನುವುದರಲ್ಲೇ ಕಳೆಯಿತು. ಎಂಟನೆಯ ದಿನ ಕಿಟಕಿಯಾಚೆಯ ದಾಸವಾಳದ ಪೊದೆಗೆ ಪಿಕಳಾರವೊಂದು ನಾರು ಕಚ್ಚಿಕೊಂಡು ಬಂತು. ಅದರ ಹಿಂದೆಯೇ ಜೋಡಿ.

“ರೀ, ಗೂಡು ಕಟ್ತಿದಾವೆ!”

“ಹಕ್ಕಿ ಗೂಡು ಕಟ್ಟದೆ ಬಂಗಲೆ ಕಟ್ಟುತ್ತಾ?” ಎಂದರು ಯಜಮಾನರು, ಪೇಪರಿನಿಂದ ಕಣ್ಣೆತ್ತದೆ. ಜೀವಮಾನವೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಕೀಲಿಲ್ಲದ, ಎಣ್ಣೆ ಬೇಡದ ವಸ್ತುವಿನ ಮೇಲೆ ಅವರಿಗೆ ಅಷ್ಟಕ್ಕಷ್ಟೆ.

ಅಂದಿನಿಂದ ಪೊದೆಯ ಪಕ್ಕದ ತಂತಿಯ ಮೇಲೆ ಬಟ್ಟೆ ಒಣಹಾಕುವುದು ಬಂದ್. ಮನೆಮಂದಿಯ ಬಟ್ಟೆಯೆಲ್ಲ ಮುಂದಿನ ಕಾಂಪೌಂಡ್ ಗೋಡೆಗೆ ಬಂತು.

“ನನ್ನ ಬನೀನು ಬೀದಿಗೆಲ್ಲ ಪ್ರದರ್ಶನಕ್ಕಿಟ್ಟಿದ್ದೀಯಲ್ಲೇ!”

“ತೂತಿಲ್ಲದ್ದು ಹಾಕ್ಕೊಳ್ಳಿ, ಆಯ್ತು.”

ಗೂಡಿನಲ್ಲಿ ಮೂರು ಮೊಟ್ಟೆ ಕಂಡವು. ಹದಿಮೂರು ದಿನದ ಮೇಲೆ ಎರಡು ಒಡೆದವು, ಒಂದು ಹಾಗೇ ಉಳಿಯಿತು. ಅಮ್ಮನಿಗೆ ಅದೊಂದು ಸಂಕಟ. ಆದರೆ ಹುಟ್ಟಿದ ಎರಡಕ್ಕೆ ಮೈಯೆಲ್ಲ ಬಾಯಿ. ಜೋಡಿ ಹಕ್ಕಿ ಹುಳ ತಂದು ಸುರಿದಷ್ಟೂ ಸಾಲದು. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಪೊದೆಯ ಬುಡಕ್ಕೆ ಬಂತು. ಅಮ್ಮ ಏಳುವಂತಿಲ್ಲ. ಆದರೆ ಗಂಟಲು ಮುರಿದಿರಲಿಲ್ಲವಲ್ಲ!

“ಯಾರ್ರೀ ಅದು ಲೈನಲ್ಲಿ? ಇಡ್ರೀ ಫೋನು!”

ಟ್ರಂಕ್ ಕಾಲ್ ಕಾಲದ ದನಿ ಅದು. ಬೆಕ್ಕು ಗೋಡೆ ಹಾರಿ ಓಡಿತು. ನಿದ್ದೆಯಲ್ಲಿದ್ದ ಯಜಮಾನರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದರು. ಬಯ್ಯಲು ಬಂದವರು ಪೊದೆಯೊಳಗೆ ಬಗ್ಗಿ ಮರಿಗಳನ್ನು ಎಣಿಸಿದರು, ಎರಡೂ ಇದ್ದವು. ಮರುದಿನದಿಂದ ಕೈಯಲ್ಲಿ ಕೋಲು ಹಿಡಿದು ಹಿತ್ತಲಲ್ಲಿ ಕುರ್ಚಿ ಹಾಕಿದರು. ಕೇಳಿದರೆ, “ಗಾಳಿಗೆ ಕೂತಿದೀನಿ” ಎನ್ನುವರು. ಗಾಳಿಯೋ, ಎಲೆ ಅಲುಗುತ್ತಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿಸುವ ದಿನ ಬಂತು. ಬೆಳಿಗ್ಗೆ ನೋಡಿದರೆ ಮರಿಗಳು ಗೂಡಿನ ಅಂಚಿಗೆ ಬಂದು ನಿಂತಿವೆ.

“ನಾಳೆ ಹೋಗೋಣ್ವೇನೇ?” ಅಂದರು ಅಮ್ಮ, ಆಸ್ಪತ್ರೆಗೆ ಕರೆದೊಯ್ಯಲು ಬಂದ ಮಗಳಿಗೆ.

“ಅಮ್ಮಾ, ಡಾಕ್ಟರು ನಿನ್ನ ಹಕ್ಕಿನ ಕೇಳ್ಕೊಂಡು ಕೂತಿರ್ತಾರಾ? ನಡಿ.”

ಮಧ್ಯಾಹ್ನ ಮಗಳ ತೋಳು ಹಿಡಿದು ವಾಪಸಾದವರು ನೇರ ಹಿತ್ತಲಿಗೆ ನಡೆದರು. ಗೂಡಿನಲ್ಲಿ ಒಡೆಯದ ಮೊಟ್ಟೆ ಮಾತ್ರ. ಯಜಮಾನರ ಮುಖ ಊರಗಲವಾಗಿತ್ತು.

“ಹಾರಿದ್ವು ಕಣೇ.”

“ಹಾರಿದ್ವು ಅಂದ್ರೆ ಮುಗೀತಾ? ಮೊದಲು ಯಾವುದು? ಎಲ್ಲಿಗೆ?”

ಆಗ ಮಾತಿಗೆ ಕಂಜೂಸಾದ ಆ ಮನುಷ್ಯ ಎದ್ದು ನಿಂತು, ಎರಡೂ ತೋಳು ಬಡಿದು, ದೊಡ್ಡದು ಹೇಗೆ ತಂತಿಗೆ ಹಾರಿತು, ಚಿಕ್ಕದು ಹೇಗೆ ಹುಲ್ಲಿಗೆ ಬಿದ್ದು ತಾಯಿ ಕರೆದೊಡನೆ ಗೋಡೆ ಏರಿತು ಎಂದು ಮಾಡಿ ತೋರಿಸಿದರು. ಮಗಳು ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದಳು. ಅಮ್ಮ ನಗಲಿಲ್ಲ. ಗಂಡನ ಕುರ್ಚಿಯಲ್ಲಿ ಕೂತು, ಹಗುರಾದ ಕಾಲನ್ನು ನೀಡಿಕೊಂಡರು.

“ಚಿಕ್ಕದು ಬಿದ್ದಿದ್ದು ಇನ್ನೊಂದ್ಸಲ ಹೇಳಿ” ಅಂದರು.